ಪಾದರಸವೂ ಮಿನಮಾಟದ ಪಾಠವೂ

ಒಂದು ಕಡೆ ನಿಲ್ಲದೆ ಸದಾ ಚಟುವಟಿಕೆಯಿಂದಿರುವ ಹುಡುಗನನ್ನು ಕಂಡರೆ, "ಇವನು ಪಾದರಸದಂಥವನು" ಎಂದು ಹೇಳುವುದು ನಮ್ಮಲ್ಲಿ ವಾಡಿಕೆ. ಇದು ಹೊಗಳಿಕೆಯ ಮಾತು. ಗಾಜಿನ ತಟ್ಟೆಯಲ್ಲಿ ಹೊರಳಾಡುವ ಪಾದರಸದ ಹನಿಯನ್ನು ನೋಡಿದವರಿಗೆ ಈ ಹೋಲಿಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆಂಬುದು ತಾನಾಗಿಯೇ ಹೊಳೆಯುವುದು. ಮುಟ್ಟಹೋದರೆ ಅದು ಜಾರುವುದು. ಒತ್ತಿದರೆ ನೂರು ಮಣಿಗಳಾಗಿ ಚದರುವುದು. ಹತ್ತಿರ ತಂದರೆ ಮತ್ತೆ ಒಂದಾಗಿ ಬೆರೆಯುವುದು. ಆದರೆ ವಿದ್ಯಾರ್ಥಿ ಮಿತ್ರರೇ, ಈ ಬೆಳ್ಳಿಯ ಬಣ್ಣದ ಚೆಲುವ ದ್ರವಕ್ಕೆ ಇನ್ನೊಂದು ಗುಣವೂ ಉಂಟು. ಕೈಯಿಂದ ಜಾರಿ ಕಣ್ಮರೆಯಾದ ಪಾದರಸವು ನಿಜವಾಗಿ ಎಲ್ಲಿಗೂ ಹೋಗಿರುವುದಿಲ್ಲ. ನಾವು ಗಾಳಿಗೆ ಬಿಟ್ಟದ್ದು, ನೀರಿಗೆ ಚೆಲ್ಲಿದ್ದು, ವೇಷ ಬದಲಿಸಿಕೊಂಡು ಒಂದು ದಿನ ನಮ್ಮ ಊಟದ ತಟ್ಟೆಗೆ ಮರಳಿ ಬರುವುದು. ಹಾಗೆ ಮರಳಿ ಬಂದಾಗ ಏನಾಗುವುದೆಂಬುದನ್ನು ಜಪಾನು ದೇಶದ ಒಂದು ಸಣ್ಣ ಊರು ತನ್ನ ಮಕ್ಕಳ ಬಾಳನ್ನೇ ತೆತ್ತು ಲೋಕಕ್ಕೆ ತೋರಿಸಿಕೊಟ್ಟಿತು. ಆ ಕಥೆಯನ್ನೂ ಅದರ ಹಿಂದಿರುವ ವಿಜ್ಞಾನವನ್ನೂ ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ಪಾದರಸದ ಪರಿಚಯ ಮಾಡಿಕೊಳ್ಳೋಣ. ಸಾಮಾನ್ಯ ಉಷ್ಣತೆಯಲ್ಲಿ ದ್ರವರೂಪದಲ್ಲಿರುವ ಲೋಹ ಇದೊಂದೇ ಎಂದು ನೀವು ಪಾಠದಲ್ಲಿ ಓದಿರಬಹುದು. ಸೊನ್ನೆಗಿಂತ ಸುಮಾರು ೩೯ ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿದರೆ ಮಾತ್ರ ಇದು ಗಟ್ಟಿಯಾಗುತ್ತದೆ. ಸುಮಾರು ೩೫೭ ಡಿಗ್ರಿಯಲ್ಲಿ ಕುದಿಯುತ್ತದೆ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ. ಒಂದು ಲೀಟರ್ ಪಾದರಸದ ತೂಕವೋ ಹದಿಮೂರೂವರೆ ಕಿಲೋಗ್ರಾಂ. ಪಾದರಸದಲ್ಲಿ ಕಬ್ಬಿಣದ ಗುಂಡನ್ನು ಹಾಕಿದರೆ ಅದು ಮುಳುಗದೆ ತೇಲುವುದು. ಭೂಮಿಯಲ್ಲಿ ಪಾದರಸವು ಹೆಚ್ಚಾಗಿ ಗಂಧಕದೊಡನೆ ಕೂಡಿ ಇಂಗಳೀಕವೆಂಬ ಕೆಂಪು ಅದಿರಾಗಿ ದೊರೆಯುತ್ತದೆ. ಸ್ಪೇನಿನ ಅಲ್ಮದೆನ್ ಮತ್ತು ಸ್ಲೊವೇನಿಯದ ಇದ್ರಿಯ ಎಂಬ ಊರುಗಳ ಗಣಿಗಳು ಶತಮಾನಗಳ ಕಾಲ ಇದಕ್ಕಾಗಿಯೇ ಪ್ರಸಿದ್ಧವಾಗಿದ್ದುವು.

ಮನುಷ್ಯನಿಗೆ ಈ ಲೋಹದಿಂದ ಆಗಿರುವ ಉಪಕಾರವೂ ಅಲ್ಪವಲ್ಲ. ೧೬೪೩ರಲ್ಲಿ ಇಟಲಿಯ ಟೊರಿಚೆಲ್ಲಿಯು ಪಾದರಸವನ್ನು ತುಂಬಿದ ಗಾಜಿನ ಕೊಳವೆಯಿಂದಲೇ ವಾಯುಭಾರವನ್ನು ಅಳೆದನು. ಮುಂದೆ ೧೭೧೪ರಲ್ಲಿ ಫಾರೆನ್‌ಹೀಟನು ಪಾದರಸದ ಉಷ್ಣಮಾಪಕವನ್ನು ರಚಿಸಿದನು. ವೈದ್ಯರು ಜ್ವರವನ್ನು ನೋಡಿದುದು, ರಕ್ತದ ಒತ್ತಡವನ್ನು ಅಳೆದುದು, ಎಲ್ಲವೂ ಬಹುಕಾಲ ಪಾದರಸದ ನೆರವಿನಿಂದಲೇ ನಡೆಯಿತು. ನಮ್ಮ ದೇಶದ ರಸವಿದ್ಯೆಯಲ್ಲಿ 'ರಸ'ವೆಂದರೆ ಪಾದರಸವೇ. ಇಂತಹ ಉಪಕಾರಿಯು ವಿಷವೂ ಹೌದೆಂಬ ಸೂಚನೆ ಹಿಂದೆಯೇ ದೊರೆಯದಿರಲಿಲ್ಲ. ಯೂರೋಪಿನಲ್ಲಿ ಪ್ರಾಣಿಗಳ ತುಪ್ಪಟದಿಂದ ಟೋಪಿ ತಯಾರಿಸುತ್ತಿದ್ದ ಕೆಲಸಗಾರರು ಅದನ್ನು ಹದಗೊಳಿಸಲು ಪಾದರಸದ ಲವಣವನ್ನು ಬಳಸುತ್ತಿದ್ದರು. ಅದರ ಆವಿಯನ್ನು ವರ್ಷಗಟ್ಟಲೆ ಉಸಿರಾಡಿ ಅವರ ಕೈಗಳು ನಡುಗುತ್ತಿದ್ದುವು. ಸ್ವಭಾವವೇ ಬದಲಾಗಿ ಅವರು ಅಂಜುಬುರುಕರೂ ಸಿಡುಕರೂ ಆಗುತ್ತಿದ್ದರು.

ಪಾದರಸದ ವಿಷವನ್ನು ಅರಿಯಬೇಕಾದರೆ ಅದರ ಮೂರು ರೂಪಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಮೊದಲನೆಯದು ನಾವು ಕಾಣುವ ಶುದ್ಧ ಲೋಹ. ಇದು ಹೊಟ್ಟೆಗೆ ಹೋದರೆ ಬಹುಮಟ್ಟಿಗೆ ರಕ್ತಕ್ಕೆ ಸೇರದೆ ಹಾಗೆಯೇ ಹೊರಬೀಳುವುದು. ಆದರೆ ಇದು ಕೋಣೆಯ ಉಷ್ಣತೆಯಲ್ಲಿಯೂ ಸದ್ದಿಲ್ಲದೆ ಆವಿಯಾಗುತ್ತಿರುತ್ತದೆ. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಆ ಆವಿಯನ್ನು ಉಸಿರಾಡಿದರೆ ಅದರ ಬಹುಭಾಗ ಶ್ವಾಸಕೋಶದಿಂದ ರಕ್ತಕ್ಕೂ ರಕ್ತದಿಂದ ಮಿದುಳಿಗೂ ಸೇರುವುದು. ಎರಡನೆಯದು ಪಾದರಸದ ಲವಣಗಳು. ಇವು ಮುಖ್ಯವಾಗಿ ಮೂತ್ರಪಿಂಡಗಳನ್ನು ಕೆಡಿಸುತ್ತವೆ. ಮೂರನೆಯದು ಇಂಗಾಲದೊಡನೆ ಕೂಡಿದ ಪಾದರಸ. ಅದರಲ್ಲಿಯೂ ಮಿಥೈಲ್ ಪಾದರಸವೆಂಬುದು ಅತ್ಯಂತ ಭಯಂಕರವಾದುದು. ಆಹಾರದೊಡನೆ ಹೊಟ್ಟೆಗೆ ಹೋದ ಮಿಥೈಲ್ ಪಾದರಸವು ಹೆಚ್ಚುಕಡಮೆ ಪೂರ್ತಿಯಾಗಿ ರಕ್ತಕ್ಕೆ ಸೇರುತ್ತದೆ. ನಮ್ಮ ಕಥೆಯ ಖಳನಾಯಕ ಈ ಮೂರನೆಯವನೇ.

ಜಪಾನಿನ ದಕ್ಷಿಣದಲ್ಲಿರುವ ಕ್ಯೂಷೂ ದ್ವೀಪದ ಪಡುವಣ ತೀರದಲ್ಲಿ, ಕುಮಮೊಟೊ ಪ್ರಾಂತಕ್ಕೆ ಸೇರಿದ ಮಿನಮಾಟ ಎಂಬ ಊರಿದೆ. ಅದರ ಮುಂದೆ ದ್ವೀಪಗಳಿಂದ ಸುತ್ತುವರಿದ, ಅಲೆಗಳ ಅಬ್ಬರವಿಲ್ಲದ ಷಿರನೂಯಿ ಎಂಬ ಒಳಗಡಲು. ಬೆಸ್ತರ ಪಾಲಿಗೆ ಅದು ಕಾಮಧೇನುವಾಗಿತ್ತು. ೧೯೦೮ರಲ್ಲಿ ಆ ಊರಿಗೊಂದು ರಾಸಾಯನಿಕ ಕಾರ್ಖಾನೆ ಬಂದಿತು. ಮುಂದೆ ಚಿಸ್ಸೊ ಎಂದು ಹೆಸರಾದ ಕಂಪನಿಯದು ಆ ಕಾರ್ಖಾನೆ. ಅದು ಬೆಳೆದಂತೆ ಊರೂ ಬೆಳೆಯಿತು. ಊರಿನ ಅನೇಕ ಮನೆಗಳಿಗೆ ಅನ್ನ ಅಲ್ಲಿಂದಲೇ ಬರುತ್ತಿತ್ತು. ನಗರಸಭೆಯ ಬೊಕ್ಕಸಕ್ಕೆ ತೆರಿಗೆಯೂ ಅಲ್ಲಿಂದಲೇ ಬರುತ್ತಿತ್ತು. ೧೯೩೨ರಿಂದ ಅಲ್ಲಿ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕವನ್ನು ತಯಾರಿಸತೊಡಗಿದರು. ಪ್ಲಾಸ್ಟಿಕ್ ಮೊದಲಾದ ಅನೇಕ ವಸ್ತುಗಳ ತಯಾರಿಕೆಗೆ ಅದು ಬೇಕಾಗಿತ್ತು. ಈ ಕ್ರಿಯೆ ಬೇಗ ನಡೆಯಲೆಂದು ವೇಗವರ್ಧಕವಾಗಿ ಪಾದರಸದ ಲವಣವನ್ನು ಬಳಸುತ್ತಿದ್ದರು. ಆ ಕ್ರಿಯೆಯಲ್ಲಿ ಸ್ವಲ್ಪ ಭಾಗ ಪಾದರಸವು ಮಿಥೈಲ್ ಪಾದರಸವಾಗಿ ಮಾರ್ಪಡುತ್ತಿತ್ತು. ತೊಳೆದ ಕೊಳೆನೀರಿನೊಡನೆ ಅದು ಕಾಲುವೆಯ ಮೂಲಕ ಕೊಲ್ಲಿಗೆ ಹರಿದುಹೋಗುತ್ತಿತ್ತು. ಕಡಲು ದೊಡ್ಡದು, ಕೊಳೆಯೆಲ್ಲ ಅದರಲ್ಲಿ ಕರಗಿಹೋಗುವುದೆಂದು ಎಲ್ಲರೂ ನಂಬಿದ್ದರು.

೧೯೫೦ರ ದಶಕದಲ್ಲಿ ಕೊಲ್ಲಿಯ ದಡದ ಹಳ್ಳಿಗಳಲ್ಲಿ ವಿಚಿತ್ರಗಳು ಕಾಣತೊಡಗಿದುವು. ಮೀನುಗಳು ಸತ್ತು ತೇಲಿದುವು. ಕಾಗೆಗಳು ಹಾರುತ್ತಿದ್ದಂತೆಯೇ ನೆಲಕ್ಕೆ ಬಿದ್ದುವು. ಬೆಸ್ತರ ಮನೆಯ ಬೆಕ್ಕುಗಳು ಹುಚ್ಚೆದ್ದಂತೆ ಸುತ್ತಿ ಸುತ್ತಿ ಕುಣಿದು, ಸೆಟೆದು ಸತ್ತುವು. ಕೆಲವು ಕಡಲಿಗೇ ಬಿದ್ದುವು. ಜನರು ಇದನ್ನು 'ಬೆಕ್ಕಿನ ಕುಣಿತದ ರೋಗ' ಎಂದು ಕರೆದರು. ಬೆಕ್ಕು ತಿನ್ನುತ್ತಿದ್ದುದು ಯಾವುದನ್ನು? ಮನೆಯವರು ತಿಂದು ಉಳಿದ ಮೀನನ್ನು. ಬೆಕ್ಕಿನ ದೇಹ ಸಣ್ಣದಾದುದರಿಂದ ರೋಗವು ಅದಕ್ಕೆ ಮೊದಲು ತಗಲಿತು. ಮನುಷ್ಯರ ಸರದಿ ಇನ್ನೂ ಬರಬೇಕಾಗಿತ್ತು.

೧೯೫೬ರ ಏಪ್ರಿಲಿನಲ್ಲಿ ಐದು ವರ್ಷ ದಾಟಿದ ಒಬ್ಬ ಹುಡುಗಿಯನ್ನು ಕಾರ್ಖಾನೆಯ ಆಸ್ಪತ್ರೆಗೆ ಕರೆತಂದರು. ಆಕೆಗೆ ನಡೆಯಲು ಬರುತ್ತಿರಲಿಲ್ಲ, ಮಾತು ತೊದಲುತ್ತಿತ್ತು, ಮೈ ಸೆಳೆಯುತ್ತಿತ್ತು. ಕೆಲವೇ ದಿನಗಳಲ್ಲಿ ಆಕೆಯ ಪುಟ್ಟ ತಂಗಿಗೂ ಅದೇ ಅವಸ್ಥೆಯಾಯಿತು. ನೆರೆಹೊರೆಯಲ್ಲಿ ಇನ್ನೂ ಕೆಲವರು ಇಂಥ ರೋಗಿಗಳು ಇರುವರೆಂದು ತಿಳಿದುಬಂದಿತು. ಅದೇ ವರ್ಷ ಮೇ ೧ರಂದು ಆಸ್ಪತ್ರೆಯ ಮುಖ್ಯ ವೈದ್ಯರಾದ ಹೊಸೊಕಾವ ಹಾಜಿಮೆ ಎಂಬವರು, ನರಮಂಡಲಕ್ಕೆ ಸಂಬಂಧಿಸಿದ ಅಜ್ಞಾತ ರೋಗವೊಂದು ಹಬ್ಬುತ್ತಿದೆಯೆಂದು ಸರಕಾರದ ಆರೋಗ್ಯ ಕಚೇರಿಗೆ ವರದಿಯಿತ್ತರು. ಮಿನಮಾಟ ರೋಗವು ಲೋಕಕ್ಕೆ ಗೊತ್ತಾದ ದಿನ ಅದೇ.

ಮೊದಮೊದಲು ಎಲ್ಲರೂ ಇದನ್ನು ಅಂಟುರೋಗವೆಂದೇ ಬಗೆದರು. ರೋಗಿಗಳ ಮನೆಗಳಿಗೆ ಕ್ರಿಮಿನಾಶಕವನ್ನು ಸಿಂಪಡಿಸಿದರು. ನೆರೆಯವರು ಅವರ ಬಾಗಿಲಿಗೆ ಹೋಗುವುದನ್ನು ಬಿಟ್ಟರು. ರೋಗದ ನೋವಿನೊಡನೆ ಬಹಿಷ್ಕಾರದ ನೋವೂ ಆ ಬಡ ಬೆಸ್ತರ ಪಾಲಿಗೆ ಬಂದಿತು. ಆದರೆ ಕುಮಮೊಟೊ ವಿಶ್ವವಿದ್ಯಾಲಯದ ವೈದ್ಯರು ಹಳ್ಳಿಹಳ್ಳಿಗೆ ಹೋಗಿ ವಿಚಾರಿಸಿದಾಗ ಬೇರೆಯೇ ಸಂಗತಿ ಹೊರಬಿದ್ದಿತು. ರೋಗವಿದ್ದ ಮನೆಗಳಲ್ಲೆಲ್ಲ ಕೊಲ್ಲಿಯ ಮೀನೇ ಮುಖ್ಯ ಆಹಾರ. ಆ ವರ್ಷದ ನವೆಂಬರಿನ ವೇಳೆಗೇ ಅವರು, ಇದು ಅಂಟುರೋಗವಲ್ಲ, ಯಾವುದೋ ಲೋಹದ ವಿಷ ಮೀನಿನ ಮೂಲಕ ಬರುತ್ತಿದೆ ಎಂದು ತೀರ್ಮಾನಿಸಿದರು. ಯಾವ ಲೋಹವೆಂಬುದನ್ನು ಕಂಡುಹಿಡಿಯಲು ಇನ್ನೂ ಮೂರು ವರ್ಷ ಬೇಕಾಯಿತು. ಇಂಗ್ಲೆಂಡಿನ ಬೀಜೋಪಚಾರದ ಕಾರ್ಖಾನೆಯೊಂದರಲ್ಲಿ ಮಿಥೈಲ್ ಪಾದರಸದಿಂದ ಕೆಲಸಗಾರರಿಗೆ ಆದ ಕಾಯಿಲೆಯನ್ನು ಕುರಿತು ಹಂಟರ್ ಮೊದಲಾದ ವೈದ್ಯರು ೧೯೪೦ರಲ್ಲಿ ಬರೆದಿದ್ದ ವಿವರಣೆಯು ಮಿನಮಾಟದ ರೋಗಿಗಳಿಗೆ ಪೂರ್ಣವಾಗಿ ಹೊಂದುತ್ತಿತ್ತು. ಕೊಲ್ಲಿಯ ಕೆಸರನ್ನು ಪರೀಕ್ಷಿಸಿದಾಗ ಕಾರ್ಖಾನೆಯ ಕಾಲುವೆಯ ಬಾಯಿಯಲ್ಲಿ ಒಂದು ಟನ್ನು ಕೆಸರಿಗೆ ಸುಮಾರು ೨ ಕಿಲೋಗ್ರಾಂ ಪಾದರಸವಿತ್ತು. ದೂರ ಹೋದಂತೆಲ್ಲ ಅದು ಕಡಮೆಯಾಗುತ್ತಿತ್ತು. ೧೯೫೯ರ ಜುಲೈಯಲ್ಲಿ ವಿಶ್ವವಿದ್ಯಾಲಯದ ತಂಡವು, ರೋಗಕ್ಕೆ ಕಾರಣ ಇಂಗಾಲದೊಡನೆ ಕೂಡಿದ ಪಾದರಸವೇ ಎಂದು ಸಾರಿತು.

ಇಲ್ಲಿ ನಿಮಗೊಂದು ಸಂದೇಹ ಬರಬಹುದು. ಕಡಲಿನ ಅಪಾರವಾದ ನೀರಿನಲ್ಲಿ ಬೆರೆತ ವಿಷವು ತೆಳುವಾಗಿ ಶಕ್ತಿಗುಂದಬೇಕಲ್ಲವೆ? ನೀರಿನಲ್ಲಿ ಅದು ತೆಳುವಾಗುವುದು ನಿಜ. ಆದರೆ ಜೀವಿಗಳ ದೇಹದಲ್ಲಿ ಅದು ಮತ್ತೆ ಒಟ್ಟುಗೂಡುವುದು. ಮಿಥೈಲ್ ಪಾದರಸವು ದೇಹದ ಸಸಾರಜನಕಗಳಿಗೆ ಅಂಟಿಕೊಂಡು ಮಾಂಸದಲ್ಲಿ ನಿಲ್ಲುತ್ತದೆ. ಒಳಬಂದಷ್ಟು ಬೇಗ ಅದು ಹೊರಹೋಗುವುದಿಲ್ಲ. ಲೆಕ್ಕಕ್ಕಾಗಿ ಹೀಗೆ ಭಾವಿಸೋಣ: ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಯೊಂದರಲ್ಲಿ ವಿಷದ ಒಂದು ಕಣವಿದೆ. ಅಂತಹ ನೂರನ್ನು ತಿಂದ ಸೀಗಡಿಯಲ್ಲಿ ನೂರು ಕಣಗಳು ಸೇರುವುವು. ಅಂತಹ ನೂರು ಸೀಗಡಿಗಳನ್ನು ತಿಂದ ಸಣ್ಣ ಮೀನಿನಲ್ಲಿ ಹತ್ತು ಸಾವಿರ. ಅಂತಹ ನೂರು ಮೀನುಗಳನ್ನು ನುಂಗಿದ ದೊಡ್ಡ ಮೀನಿನಲ್ಲಿ ಹತ್ತು ಲಕ್ಷ. ಪ್ರಕೃತಿಯಲ್ಲಿ ಲೆಕ್ಕ ಇಷ್ಟು ಸರಳವಾಗಿರುವುದಿಲ್ಲ. ಸ್ವಲ್ಪ ಭಾಗ ಹೊರಗೂ ಹೋಗುವುದು. ಆದರೂ ಬೇಟೆಯಾಡಿ ಬದುಕುವ ದೊಡ್ಡ ಮೀನಿನ ಮಾಂಸದಲ್ಲಿ ಈ ವಿಷದ ಸಾಂದ್ರತೆಯು ಸುತ್ತಲಿನ ನೀರಿಗಿಂತ ಲಕ್ಷಾಂತರ ಪಾಲು ಹೆಚ್ಚಾಗಿರುವುದುಂಟು. ಆಹಾರದ ಈ ಏಣಿಯ ಕೊನೆಯ ಮೆಟ್ಟಿಲಲ್ಲಿ ನಿಂತಿರುವವನು ಮನುಷ್ಯ.

ಮಾನವದೇಹವನ್ನು ಸೇರಿದ ಮಿಥೈಲ್ ಪಾದರಸದ ಅರ್ಧಭಾಗ ಹೊರಬೀಳಲು ಸುಮಾರು ಎಪ್ಪತ್ತು ದಿನಗಳು ಬೇಕು. ವರ್ಷಕ್ಕೊಮ್ಮೆ ತಿಂದವನಿಗೆ ಇದರಿಂದ ಅಪಾಯವಾಗಲಿಕ್ಕಿಲ್ಲ. ಮೂರು ಹೊತ್ತೂ ಮೀನನ್ನೇ ತಿಂದು ಬದುಕುವ ಬೆಸ್ತನ ದೇಹದಲ್ಲಿಯಾದರೋ, ನಿನ್ನೆಯದು ಹೋಗುವ ಮೊದಲೇ ಇಂದಿನದು ಬಂದು ಸೇರುವುದು. ರಕ್ತದಿಂದ ಅದು ಮಿದುಳಿಗೆ ಹೋಗಿ, ಮುಖ್ಯವಾಗಿ ದೃಷ್ಟಿಯನ್ನು ಆಳುವ ಹಿಂಬದಿಯ ಭಾಗವನ್ನೂ ಮೈಯ ಸಮತೋಲವನ್ನು ಕಾಯುವ ಕಿರುಮಿದುಳನ್ನೂ ಹಾಳುಮಾಡುತ್ತದೆ. ಕೈಕಾಲುಗಳ ತುದಿ ಮತ್ತು ತುಟಿಯ ಸುತ್ತ ಮರಗಟ್ಟುವುದು ಮೊದಲ ಲಕ್ಷಣ. ಅನಂತರ ಗುಂಡಿ ಹಾಕಲು ಬೆರಳುಗಳು ಒದಗುವುದಿಲ್ಲ, ನಡೆದರೆ ತೂರಾಟ, ಮಾತು ಅಸ್ಪಷ್ಟ, ಕಿವಿ ಮಂದ. ನೋಟವು ಎರಡು ಬದಿಗಳಿಂದ ಕುಗ್ಗುತ್ತ ಬಂದು, ಕೊಳವೆಯಲ್ಲಿ ನೋಡಿದಂತೆ ನೇರವಾಗಿ ಎದುರಿಗಿರುವುದಷ್ಟೇ ಕಾಣುತ್ತದೆ. ತೀವ್ರವಾದರೆ ಸೆಳವು, ಪ್ರಜ್ಞೆ ತಪ್ಪುವುದು, ಕೊನೆಗೆ ಮರಣ. ಒಮ್ಮೆ ನಾಶವಾದ ಮಿದುಳಿನ ಕೋಶಗಳನ್ನು ಮರಳಿ ಬೆಳೆಯಿಸುವ ಮದ್ದಿಲ್ಲ.

ಇದಕ್ಕಿಂತಲೂ ಎದೆಯನ್ನು ಕಲಕುವ ಸಂಗತಿ ಇನ್ನೊಂದುಂಟು. ಆ ಹಳ್ಳಿಗಳಲ್ಲಿ ಹುಟ್ಟಿನಿಂದಲೇ ಕೈಕಾಲು ಸ್ವಾಧೀನವಿಲ್ಲದ, ಮಾತು ಬಾರದ ಮಕ್ಕಳು ಹೆಚ್ಚಾಗಿ ಕಂಡುಬಂದರು. ಆ ಮಕ್ಕಳು ಮೀನನ್ನು ತಿಂದವರಲ್ಲ. ಆದುದರಿಂದ ಅದು ಮಿನಮಾಟ ರೋಗವಲ್ಲವೆಂದು ವೈದ್ಯರು ಹೇಳಿದರು. ಗರ್ಭದಲ್ಲಿರುವ ಶಿಶುವಿಗೆ ವಿಷ ತಗಲದಂತೆ ಮಾಸು ತಡೆಯುವುದೆಂಬುದು ಅಂದಿನ ವೈದ್ಯಶಾಸ್ತ್ರದ ನಂಬಿಕೆಯಾಗಿತ್ತು. ಆದರೆ ತಾಯಂದಿರು ಒಪ್ಪಲಿಲ್ಲ. "ಮೀನು ತಿಂದವಳು ನಾನು; ಅದರ ಫಲ ನನ್ನ ಮಗುವಿಗೆ ಬಂದಿದೆ" ಎಂಬುದೇ ಅವರ ವಾದ. ಹರದ ಮಸಜುಮಿ ಎಂಬ ತರುಣ ವೈದ್ಯರು ಆ ಮಾತನ್ನು ತಳ್ಳಿಹಾಕದೆ ಕಿವಿಗೊಟ್ಟು, ಮನೆಮನೆಗೆ ಹೋಗಿ ಆ ಮಕ್ಕಳನ್ನು ಪರೀಕ್ಷಿಸಿದರು. ೧೯೬೨ರಲ್ಲಿ ಇದೂ ಮಿನಮಾಟ ರೋಗವೇ ಎಂದು ಅಂಗೀಕೃತವಾಯಿತು. ಜಪಾನಿನಲ್ಲಿ ಮಗುವಿನ ಹೊಕ್ಕುಳಬಳ್ಳಿಯ ತುಂಡನ್ನು ಒಣಗಿಸಿ ಪುಟ್ಟ ಪೆಟ್ಟಿಗೆಯಲ್ಲಿ ಜೋಪಾನವಾಗಿಡುವ ಪದ್ಧತಿಯುಂಟು. ಮುಂದೆ ಆ ತುಂಡುಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಮಿಥೈಲ್ ಪಾದರಸ ದೊರೆಯಿತು. ಪ್ರೀತಿಯಿಂದ ಕಾದಿರಿಸಿದ ನೆನಪಿನ ವಸ್ತುವೇ ವಿಷಕ್ಕೆ ಸಾಕ್ಷಿಯಾಯಿತು. ಮಾಸು ವಿಷವನ್ನು ತಡೆಯದೆ ಶಿಶುವಿಗೆ ದಾಟಿಸಿತ್ತು. ತಾಯಿಗೆ ರೋಗ ಅಲ್ಪವಾಗಿಯೇ ಕಂಡರೂ ಬೆಳೆಯುತ್ತಿದ್ದ ಎಳೆಯ ಮಿದುಳು ಅದನ್ನು ತಾಳದೆ ಹೋಯಿತು. ಶಾಸ್ತ್ರಗ್ರಂಥಗಳು ಹೇಳದಿದ್ದುದನ್ನು ಓದುಬರಹ ಹೆಚ್ಚಿಲ್ಲದ ತಾಯಂದಿರು ಕಂಡಿದ್ದರೆಂಬುದನ್ನು ನಾವು ಮರೆಯಬಾರದು.

ಕಾರಣ ತಿಳಿದ ಮೇಲೆ ಕಾರ್ಖಾನೆಯು ಕೊಳೆನೀರನ್ನು ನಿಲ್ಲಿಸಿತೆ? ಇಲ್ಲ. ಮಿನಮಾಟದ ಪಾಠದಲ್ಲಿ ವಿಜ್ಞಾನದಷ್ಟೇ ಮುಖ್ಯವಾದ ಇನ್ನೊಂದು ಅಧ್ಯಾಯ ಇಲ್ಲಿಂದ ಆರಂಭವಾಗುತ್ತದೆ. ರೋಗವನ್ನು ಮೊದಲು ವರದಿಮಾಡಿದ ಹೊಸೊಕಾವ ಅವರಿಗೆ ತಮ್ಮ ಕಾರ್ಖಾನೆಯ ಮೇಲೆಯೇ ಸಂಶಯ ಹುಟ್ಟಿತ್ತು. ಅವರು ಬೆಕ್ಕುಗಳಿಗೆ ಕಾರ್ಖಾನೆಯ ಕೊಳೆನೀರನ್ನು ಆಹಾರದಲ್ಲಿ ಬೆರೆಸಿ ಕೊಟ್ಟು ನೋಡುತ್ತಿದ್ದರು. ೧೯೫೯ರ ಅಕ್ಟೋಬರಿನಲ್ಲಿ, ೪೦೦ನೆಯ ಸಂಖ್ಯೆಯ ಬೆಕ್ಕು ಅದೇ ರೀತಿ ತೂರಾಡಿತು, ಸೆಳೆತಕ್ಕೆ ಒಳಗಾಯಿತು. ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಇನ್ನೇನು ಬೇಕು? ಆದರೆ ಕಂಪನಿಯು ಈ ಫಲಿತಾಂಶವನ್ನು ಹೊರಗೆಡಹಲಿಲ್ಲ; ಪ್ರಯೋಗವನ್ನು ಮುಂದುವರಿಸಲು ಅವಕಾಶ ಕೊಡಲಿಲ್ಲ. ಸತ್ಯವು ಕಡತದೊಳಗೆ ಉಳಿಯಿತು. ವಿಷವು ಕಡಲಿಗೆ ಹರಿಯಿತು.

ಅಷ್ಟೇ ಅಲ್ಲ. ೧೯೫೮ರಲ್ಲಿ ಕಂಪನಿಯು ಕೊಳೆನೀರಿನ ದಾರಿಯನ್ನು ಬದಲಿಸಿ ಮಿನಮಾಟ ನದಿಯ ಮುಖಕ್ಕೆ ಬಿಟ್ಟಿತ್ತು. ಅದರಿಂದ ರೋಗವು ಹೊಸ ಹಳ್ಳಿಗಳಿಗೆ ಹಬ್ಬಿತು. ೧೯೫೯ರ ಡಿಸೆಂಬರಿನಲ್ಲಿ ನೀರನ್ನು ಶುದ್ಧಿಮಾಡುವ ಯಂತ್ರವನ್ನು ಸಂಭ್ರಮದಿಂದ ಉದ್ಘಾಟಿಸಿದರು. ಶುದ್ಧಿಯಾದ ನೀರೆಂದು ಅಧ್ಯಕ್ಷರೇ ಒಂದು ಲೋಟ ಕುಡಿದು ತೋರಿಸಿದರು. ವಾಸ್ತವವಾಗಿ ಆ ಯಂತ್ರವನ್ನು ಮಿಥೈಲ್ ಪಾದರಸವನ್ನು ತೆಗೆಯುವುದಕ್ಕಾಗಿ ರಚಿಸಿರಲೇ ಇಲ್ಲ. ಅದೇ ತಿಂಗಳು ರೋಗಿಗಳಿಗೆ 'ಸಹಾನುಭೂತಿಯ ಹಣ'ವೆಂದು ಅಲ್ಪ ಮೊತ್ತವನ್ನು ಕೊಟ್ಟು, ಮುಂದೆ ಕಾರ್ಖಾನೆಯೇ ಕಾರಣವೆಂದು ತಿಳಿದುಬಂದರೂ ಹೆಚ್ಚಿನ ಪರಿಹಾರ ಕೇಳಲಾಗದೆಂಬ ಕರಾರಿಗೆ ಸಹಿ ಹಾಕಿಸಿಕೊಂಡರು. ಊರಿನ ಅನೇಕರು ಸುಮ್ಮನಿದ್ದರು. ಕಾರ್ಖಾನೆ ಮುಚ್ಚಿದರೆ ತಮ್ಮ ಅನ್ನಕ್ಕೇನು ಗತಿ ಎಂಬ ಭಯ ಅವರಿಗೆ. ಆ ಭಯ ಸುಳ್ಳಲ್ಲ. ಆದರೆ ಅದರ ಬೆಲೆಯನ್ನು ತೆತ್ತವರು ದನಿಯಿಲ್ಲದ ಬೆಸ್ತರು.

೧೯೬೫ರಲ್ಲಿ ದೂರದ ನೀಗಾಟ ಪ್ರಾಂತದ ಅಗಾನೊ ನದಿಯ ತೀರದಲ್ಲಿಯೂ ಅದೇ ರೋಗ ಕಾಣಿಸಿಕೊಂಡಿತು. ಅಲ್ಲಿಯೂ ನದಿಯ ಮೇಲ್ಭಾಗದಲ್ಲಿ ಅದೇ ರಾಸಾಯನಿಕವನ್ನು ತಯಾರಿಸುವ ಬೇರೊಂದು ಕಂಪನಿಯ ಕಾರ್ಖಾನೆಯಿತ್ತು. ಮಿನಮಾಟದಲ್ಲಿ ಸತ್ಯವನ್ನು ಹೊತ್ತಿಗೆ ಸರಿಯಾಗಿ ಹೇಳಿದ್ದರೆ ಈ ಎರಡನೆಯ ದುರಂತವನ್ನು ತಪ್ಪಿಸಬಹುದಿತ್ತು. ೧೯೬೮ರ ಮೇ ತಿಂಗಳಲ್ಲಿ ಮಿನಮಾಟದ ಕಾರ್ಖಾನೆಯು ಆ ತಯಾರಿಕೆಯನ್ನು ನಿಲ್ಲಿಸಿತು. ಅಷ್ಟರಲ್ಲಿ ಆ ವಿಧಾನವೇ ಹಳತಾಗಿತ್ತು. ನಾಲ್ಕು ತಿಂಗಳ ಅನಂತರ, ಸೆಪ್ಟೆಂಬರಿನಲ್ಲಿ, ಸರಕಾರವು ರೋಗಕ್ಕೆ ಕಾರ್ಖಾನೆಯ ಮಿಥೈಲ್ ಪಾದರಸವೇ ಕಾರಣವೆಂದು ಒಪ್ಪಿಕೊಂಡಿತು. ಮೊದಲ ವರದಿಯಿಂದ ಈ ಒಪ್ಪಿಗೆಯವರೆಗೆ ಕಳೆದುಹೋದುದು ಹನ್ನೆರಡು ವರ್ಷ! ೧೯೬೯ರಲ್ಲಿ ರೋಗಿಗಳು ನ್ಯಾಯಾಲಯಕ್ಕೆ ಹೋದರು. ಆಗ ಹೊಸೊಕಾವ ಅವರು ರೋಗಶಯ್ಯೆಯಲ್ಲಿದ್ದರು. ೧೯೭೦ರಲ್ಲಿ ಅವರು ಹಾಸಿಗೆಯಿಂದಲೇ ೪೦೦ನೆಯ ಬೆಕ್ಕಿನ ಸಂಗತಿಯನ್ನು ಸಾಕ್ಷಿಯಾಗಿ ನುಡಿದು, ಕೆಲವು ತಿಂಗಳಲ್ಲೇ ತೀರಿಕೊಂಡರು. ೧೯೭೩ರ ಮಾರ್ಚಿಯಲ್ಲಿ ತೀರ್ಪು ರೋಗಿಗಳ ಪರವಾಗಿ ಬಂದಿತು. ಹಿಂದೆ ಸಹಿ ಹಾಕಿಸಿಕೊಂಡಿದ್ದ ಕರಾರು ಅನೀತಿಯದೆಂದು ನ್ಯಾಯಾಲಯ ಅದನ್ನು ರದ್ದುಗೊಳಿಸಿತು.

ಕೊಲ್ಲಿಯನ್ನು ಶುದ್ಧಗೊಳಿಸಲು ಪಟ್ಟ ಪಾಡನ್ನೂ ಕೇಳಿ. ೧೯೭೭ರಲ್ಲಿ ಆರಂಭವಾದ ಕೆಲಸ ೧೯೯೦ರವರೆಗೆ ನಡೆಯಿತು. ಸುಮಾರು ೧೫ ಲಕ್ಷ ಘನಮೀಟರು ಕೆಸರನ್ನು ತೋಡಿ ತೆಗೆದು, ಕೊಲ್ಲಿಯ ಒಂದು ಭಾಗದಲ್ಲಿ ತುಂಬಿ, ಮೇಲೆ ಶುದ್ಧವಾದ ಮಣ್ಣನ್ನು ಹರಡಿದರು. ಹೀಗೆ ೫೮ ಹೆಕ್ಟೇರು ಹೊಸ ನೆಲವಾಯಿತು. ಆ ನೆಲದ ಮೇಲೆ ಇಂದು ಹಸುರಾದ ಉದ್ಯಾನವಿದೆ. ಅದರ ಅಡಿಯಲ್ಲಿ ಪಾದರಸದ ಕೆಸರು ಹಾಗೆಯೇ ಇದೆ. ಮಲಿನವಾದ ಮೀನುಗಳು ಹೊರಹೋಗದಂತೆ ಕೊಲ್ಲಿಯ ಬಾಯಿಗೆ ಕಟ್ಟಿದ್ದ ಬಲೆಯನ್ನು ೧೯೯೭ರಲ್ಲಿ ತೆಗೆದುಹಾಕಿದರು. ಮೀನು ಈಗ ತಿನ್ನಲು ಯೋಗ್ಯವಾಗಿದೆ. ಆದರೆ ಸರಕಾರವು ರೋಗಿಗಳೆಂದು ಅಧಿಕೃತವಾಗಿ ಅಂಗೀಕರಿಸಿದ ಎರಡು ಸಾವಿರಕ್ಕೂ ಮಿಗಿಲಾದ ಜನರ ಆರೋಗ್ಯವನ್ನು ಮರಳಿಸುವುದು ಯಾವ ಯಂತ್ರಕ್ಕೂ ಸಾಧ್ಯವಾಗಲಿಲ್ಲ.

ಮೀನು ತಿನ್ನದವರಿಗೆ ಈ ವಿಷದ ಭಯವಿಲ್ಲವೆಂದು ತಿಳಿಯಬೇಡಿರಿ. ೧೯೭೧ರಲ್ಲಿ ಇರಾಕು ದೇಶಕ್ಕೆ ಬಿತ್ತನೆಗಾಗಿ ಹೊರನಾಡುಗಳಿಂದ ಧಾನ್ಯ ಬಂದಿತು. ಬೂಷ್ಟು ಹಿಡಿಯದಿರಲೆಂದು ಅದಕ್ಕೆ ಮಿಥೈಲ್ ಪಾದರಸವನ್ನು ಲೇಪಿಸಿದ್ದರು. ಗುರುತಿಗಾಗಿ ಕೆಂಬಣ್ಣ ಹಾಕಿದ್ದರು. ಚೀಲದ ಮೇಲಿನ ಎಚ್ಚರಿಕೆಯ ಮಾತು ರೈತರು ಓದಲಾರದ ಭಾಷೆಯಲ್ಲಿತ್ತು. ಧಾನ್ಯ ಕೈಸೇರುವ ಹೊತ್ತಿಗೆ ಬಿತ್ತನೆಯ ಕಾಲವೂ ಮೀರಿತ್ತು. ಹಸಿದ ಹಳ್ಳಿಗರು ಕಾಳುಗಳನ್ನು ತೊಳೆದರು. ಬಣ್ಣ ಹೋಯಿತು, ವಿಷವೂ ಹೋಯಿತೆಂದು ರೊಟ್ಟಿ ಸುಟ್ಟು ತಿಂದರು. ಆರು ಸಾವಿರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಅವರಲ್ಲಿ ೪೫೯ ಮಂದಿ ಆಸ್ಪತ್ರೆಗಳಲ್ಲಿಯೇ ಮಡಿದರು.

ನಮ್ಮ ದೇಶಕ್ಕೂ ಈ ಪಾಠ ಹೊರತಲ್ಲ. ತಮಿಳುನಾಡಿನ ಕೊಡೈಕೆನಾಲ್ ಬೆಟ್ಟದ ಮೇಲೆ ೧೯೮೦ರ ದಶಕದಲ್ಲಿ ಉಷ್ಣಮಾಪಕಗಳ ಕಾರ್ಖಾನೆಯೊಂದು ಸ್ಥಾಪನೆಯಾಯಿತು. ಅಮೆರಿಕದಿಂದ ಕಳಚಿ ತಂದ ಯಂತ್ರಗಳವು. ೨೦೦೧ರಲ್ಲಿ ಆ ಊರಿನ ಗುಜರಿ ಅಂಗಡಿಯೊಂದರಲ್ಲಿ ಪಾದರಸ ಅಂಟಿದ ಒಡೆದ ಗಾಜಿನ ರಾಶಿ ಪತ್ತೆಯಾಯಿತು. ಜನರು ಪ್ರತಿಭಟಿಸಿದರು, ಕಾರ್ಖಾನೆ ಅದೇ ವರ್ಷ ಮುಚ್ಚಿತು. ೨೦೦೩ರಲ್ಲಿ ಸುಮಾರು ೨೯೦ ಟನ್ನು ತ್ಯಾಜ್ಯವನ್ನು ಹಡಗಿನಲ್ಲಿ ಅಮೆರಿಕಕ್ಕೇ ಹಿಂದಕ್ಕೆ ಕಳುಹಿಸಲಾಯಿತು. ಅಲ್ಲಿ ದುಡಿದಿದ್ದ ೫೯೧ ಮಂದಿ ಕೆಲಸಗಾರರಿಗೆ ಸಂಬಂಧಿಸಿದ ಒಪ್ಪಂದವಾಗಲು ೨೦೧೬ನೆಯ ಇಸವಿ ಬರಬೇಕಾಯಿತು. ಕರ್ನಾಟಕದಲ್ಲಿ ಕಾರವಾರದ ಬಳಿಯ ಬಿಣಗಾದಲ್ಲಿ ಕಾಸ್ಟಿಕ್ ಸೋಡ ತಯಾರಿಸುವ ಕಾರ್ಖಾನೆಯೊಂದಿತ್ತು. ಅದರ ನೆರೆಯ ಕಡಲಿನಲ್ಲಿರುವ ಪಾದರಸವನ್ನು ಅಳೆದ ವಿಜ್ಞಾನಿಗಳ ವರದಿಯು ೧೯೯೦ರಲ್ಲಿ ಪ್ರಕಟವಾಯಿತು. ಕಾಸ್ಟಿಕ್ ಸೋಡವನ್ನು ತಯಾರಿಸುವ ಹಳೆಯ ವಿಧಾನದಲ್ಲಿ ಪಾದರಸವನ್ನು ಬಳಸುತ್ತಿದ್ದರು. ಈಗ ಪಾದರಸದ ಗೊಡವೆಯಿಲ್ಲದ, ತೆಳುಪೊರೆಯನ್ನು ಬಳಸುವ ವಿಧಾನವು ರೂಢಿಗೆ ಬಂದಿದೆ. ಉದ್ಯಮವನ್ನು ಮುಚ್ಚದೆಯೇ ವಿಷವನ್ನು ಬಿಡಬಹುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಇಂದು ಜಗತ್ತಿನ ಗಾಳಿಗೆ ಅತ್ಯಂತ ಹೆಚ್ಚು ಪಾದರಸವನ್ನು ಬಿಡುತ್ತಿರುವುದು ಸಣ್ಣ ಪ್ರಮಾಣದ ಚಿನ್ನದ ಗಣಿಗಾರಿಕೆ. ಬಡ ಗಣಿಗಾರರು ಮರಳಿನಲ್ಲಿರುವ ಚಿನ್ನದ ಕಣಗಳನ್ನು ಪಾದರಸದಲ್ಲಿ ಬೆರೆಸಿ, ಅನಂತರ ಕಾಸಿ ಪಾದರಸವನ್ನು ಆವಿಯಾಗಿಸುತ್ತಾರೆ. ಅದರ ತರುವಾಯ ಬರುವುದು ಕಲ್ಲಿದ್ದಲು. ಕಲ್ಲಿದ್ದಲಿನಲ್ಲಿ ಪಾದರಸ ಅತ್ಯಲ್ಪವಾಗಿದ್ದರೂ, ನಾವು ಉರಿಸುವ ಕಲ್ಲಿದ್ದಲು ಅಪಾರವಾಗಿರುವುದರಿಂದ ಹೊರಬೀಳುವ ಪಾದರಸವೂ ಅಪಾರ. ಹೀಗೆ ಮೇಲೇರಿದ ಆವಿಯು ತಿಂಗಳುಗಟ್ಟಲೆ ಗಾಳಿಯಲ್ಲಿ ಸಂಚರಿಸಿ, ಕಾರ್ಖಾನೆಯೇ ಇಲ್ಲದ ಉತ್ತರಧ್ರುವದ ಹಿಮದ ಮೇಲೂ ಇಳಿಯುವುದು. ಕೆರೆ ಕಡಲುಗಳ ಕೆಸರಿನಲ್ಲಿರುವ ಕೆಲವು ಬ್ಯಾಕ್ಟೀರಿಯಗಳು ಅದನ್ನು ಮಿಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಮಿನಮಾಟದಲ್ಲಿ ಈ ವಿಷ ಕಾರ್ಖಾನೆಯೊಳಗೇ ಹುಟ್ಟಿತ್ತು. ಬೇರೆಡೆಗಳಲ್ಲಿ ಕಣ್ಣಿಗೆ ಕಾಣದ ಈ ಜೀವಿಗಳೇ ಅದನ್ನು ಹುಟ್ಟಿಸುತ್ತವೆ. ಇಂಥ ವಿಷಕ್ಕೆ ದೇಶದ ಗಡಿಯಿಲ್ಲವಾದುದರಿಂದ ದೇಶಗಳು ಒಟ್ಟುಗೂಡಬೇಕಾಯಿತು. ೨೦೧೩ರ ಅಕ್ಟೋಬರಿನಲ್ಲಿ ಕುಮಮೊಟೊ ನಗರದಲ್ಲಿ 'ಮಿನಮಾಟ ಒಪ್ಪಂದ' ರೂಪುಗೊಂಡಿತು. ೨೦೧೭ರ ಆಗಸ್ಟ್ ೧೬ರಂದು ಜಾರಿಗೆ ಬಂದಿತು. ಭಾರತವು ೨೦೧೮ರಲ್ಲಿ ಅದನ್ನು ಸ್ಥಿರೀಕರಿಸಿತು. ಹೊಸ ಪಾದರಸದ ಗಣಿಗಳನ್ನು ತೆರೆಯಬಾರದು, ಪಾದರಸದ ಉಷ್ಣಮಾಪಕ ಮೊದಲಾದುವುಗಳ ತಯಾರಿಕೆಯನ್ನು ನಿಲ್ಲಿಸಬೇಕು ಎಂಬಿವು ಅದರ ಕೆಲವು ನಿಯಮಗಳು.

ಹಾಗಾದರೆ ಮೀನನ್ನೇ ಬಿಡಬೇಕೆ? ಮುಂಬಯಿಯ ನಮ್ಮ ಕರಾವಳಿಯ ಮನೆಗಳಲ್ಲಿ ಮೀನು ನಿತ್ಯದ ಪದಾರ್ಥ. ಅದು ಒಳ್ಳೆಯ ಪುಷ್ಟಿಯ ಆಹಾರವೂ ಹೌದು. ಬೂತಾಯಿ, ಬಂಗುಡೆಗಳಂತಹ ಸಣ್ಣ ಮೀನುಗಳು ಆಹಾರದ ಏಣಿಯ ಕೆಳಗಿನ ಮೆಟ್ಟಿಲಿನವು. ಅವುಗಳಲ್ಲಿ ಪಾದರಸ ಸಾಮಾನ್ಯವಾಗಿ ಕಡಮೆ. ಶಾರ್ಕಿನಂತಹ, ಬಹುಕಾಲ ಬದುಕಿ ಬೇಟೆಯಾಡುವ ದೊಡ್ಡ ಮೀನುಗಳಲ್ಲಿ ಅದು ಹೆಚ್ಚು. ಗರ್ಭಿಣಿಯರೂ ಎಳೆಯ ಮಕ್ಕಳೂ ಅಂತಹ ದೊಡ್ಡ ಮೀನುಗಳನ್ನು ಬಿಟ್ಟು ಸಣ್ಣವನ್ನು ತಿನ್ನುವುದು ಲೇಸು.

ಹಳೆಯ ಪಾದರಸದ ಉಷ್ಣಮಾಪಕ ನಿಮ್ಮ ಮನೆಯಲ್ಲಿ ಇನ್ನೂ ಇರಬಹುದು. ಅದು ಒಡೆದರೆ ಹೊಳೆಯುವ ಮಣಿಗಳೊಡನೆ ಆಡಬೇಡಿರಿ. ಕಿಟಕಿಗಳನ್ನು ತೆರೆದು, ಚಿಕ್ಕ ಮಕ್ಕಳನ್ನು ಕೋಣೆಯಿಂದ ಹೊರಗೆ ಕಳುಹಿಸಿ, ಹಿರಿಯರನ್ನು ಕರೆಯಿರಿ. ಪೊರಕೆಯಿಂದ ಗುಡಿಸಬಾರದು, ಗುಡಿಸಿದರೆ ಹನಿಗಳು ಇನ್ನೂ ಸಣ್ಣವಾಗಿ ಹರಡಿ ಹೆಚ್ಚು ಆವಿಯಾಗುವುವು. ದಪ್ಪ ಕಾಗದದ ಎರಡು ತುಂಡುಗಳಿಂದ ಹನಿಗಳನ್ನು ಒಂದೆಡೆ ಕೂಡಿಸಿ, ಸ್ವಲ್ಪ ನೀರಿರುವ ಮುಚ್ಚಳದ ಬಾಟಲಿಯಲ್ಲಿ ಹಾಕಿ ಭದ್ರವಾಗಿ ಮುಚ್ಚಬೇಕು. ಮೋರಿಗೆ ಸುರಿಯಲೇಬಾರದು, ಅಪಾಯಕರ ಕಸವನ್ನು ಬೇರೆಯಾಗಿ ಸ್ವೀಕರಿಸುವವರ ವಶಕ್ಕೆ ಅದನ್ನು ಕೊಡಬೇಕು. ಕೊಳವೆದೀಪಗಳಲ್ಲಿಯೂ ಪಾದರಸವಿರುವುದರಿಂದ ಅವುಗಳನ್ನು ಒಡೆಯುವ ಆಟ ತರವಲ್ಲ.

ನಾವು ಕಾರ್ಖಾನೆಗಳ ನಗರದಲ್ಲಿ ಬೆಳೆಯುತ್ತಿರುವವರು. ನಮ್ಮಲ್ಲಿ ಅನೇಕರ ತಂದೆತಾತಂದಿರು ಊರು ಬಿಟ್ಟು ಇಲ್ಲಿಗೆ ಬಂದುದೇ ದುಡಿಮೆಗಾಗಿ. ಉದ್ಯಮವನ್ನು ಹಳಿಯುವುದು ಈ ಲೇಖನದ ಅಭಿಪ್ರಾಯವಲ್ಲ. ನಿಮ್ಮಲ್ಲಿ ಕೆಲವರು ನಾಳೆ ರಸಾಯನಶಾಸ್ತ್ರಜ್ಞರಾಗುವಿರಿ, ಕೆಲವರು ವೈದ್ಯರಾಗುವಿರಿ, ಕೆಲವರು ಕಾರ್ಖಾನೆಗಳನ್ನೇ ನಡೆಸುವಿರಿ. ಆಗ ಯಾವುದಾದರೊಂದು ಕಾಲುವೆಯ ಮುಂದೆ ನಿಂತು, "ಇದು ಎಲ್ಲಿಗೆ ಹೋಗುವುದು? ಅಲ್ಲಿಂದ ಮುಂದೆ ಯಾರ ತಟ್ಟೆಗೆ?" ಎಂದು ಕೇಳುವ ಹೊಣೆ ನಿಮ್ಮ ಮೇಲೆ ಬರುವುದು. ಉತ್ತರ ದೊರೆತ ಮೇಲೆ ಅದನ್ನು ಕಡತದಲ್ಲಿ ಮುಚ್ಚಿಡದೆ ಹೇಳುವ ಧೈರ್ಯವೂ ಬೇಕು. ಮಿನಮಾಟದಲ್ಲಿ ಪ್ರಶ್ನೆಯನ್ನು ಕೇಳಿದವರಿದ್ದರು, ಉತ್ತರವನ್ನು ಕಂಡವರೂ ಇದ್ದರು. ಹೊತ್ತಿಗೆ ಸರಿಯಾಗಿ ಅದನ್ನು ಹೇಳಲು ಬಿಡದುದರಿಂದ ಒಂದು ಊರಿನ ಮಕ್ಕಳು ನಡೆಯುವುದನ್ನೂ ನುಡಿಯುವುದನ್ನೂ ಕಳೆದುಕೊಂಡರು.